ನಾಲ್ಕು ಬೆರಳು ತಂತಿ

ಫೆಬ್ರವರಿ 21, 1983, ಸೋಮವಾರ

ಈ ಡೈರಿ ಹೋದ ವರ್ಷದ್ದು. ಕರೆಂಟ್ ಸ್ಟವ್ವು ಮಾಡುವ ನಮ್ಮ ಶೆಡ್ಡಿನಲ್ಲಿ ರದ್ದಿಗೆ ಹಾಕಿದ್ದರು, ಎತ್ತಿಕೊಂಡು ಬಂದೆ. ತಾರೀಖಿಗೂ ವಾರಕ್ಕೂ ಹೊಂದುವುದಿಲ್ಲ, ನಾನೇ ತಿದ್ದಿಕೊಳ್ಳುತ್ತೇನೆ. ಬಾಯಲ್ಲಿ ಹೇಳಲಾಗದ್ದು ಬಹಳ ಇದೆ. ಎಲ್ಲಾದರೂ ಇಳಿಸಬೇಕು.

ಇವತ್ತು ಒಂದು ಕಾಯಿಲೂ ಪಾಸಾಗಲಿಲ್ಲ. ಸಿದ್ದಗಂಗಮ್ಮಕ್ಕ ಎಂದಿನಂತೆ ಕಡ್ಡಿಗೆ ತಂತಿ ಸುತ್ತಿ, ಹದಿನೈದು ಇಂಚಿನ ಹಲಗೆಗೆ ಅಳತೆ ಹಿಡಿದು ಕತ್ತರಿಸಿ ಕೊಟ್ಟರು. ನಾನು ಎಂದಿನಂತೆ ಎರಡೂ ತುದಿ ಟೇಬಲಿನ ಕ್ಲಿಪ್ಪಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ತಂತಿ ಕೆಂಪಾದಾಗ ಆಂಪಿಯರ್ ಮೀಟರಿನ ಮುಳ್ಳು ನಾಲ್ಕು ಪಾಯಿಂಟ್ ನಾಲ್ಕರಲ್ಲಿರುವ ಕೆಂಪು ಗೀಟನ್ನು ಮುಟ್ಟಬೇಕು. ಅಲ್ಲಿಗೆ ಅದು ಸಾವಿರ ವ್ಯಾಟಿನ ಸ್ಟವ್ವಿಗೆ ಸರಿಯಾದ ಕಾಯಿಲ್. ಕೆಲಸಕ್ಕೆ ಸೇರಿದ ದಿನ ಸೂಪರ್‌ವೈಸರ್ ಚಿನ್ನಪ್ಪನವರು ಹೇಳಿದ್ದು ಇಷ್ಟೇ: "ಗೀಟು ಮುಟ್ಟಿದ್ರೆ ಪಾಸು, ಮುಟ್ಟದಿದ್ರೆ ಫೇಲು. ಬೇರೆ ಯೋಚ್ನೆ ಮಾಡ್ಬೇಡ." ಇವತ್ತು ಮುಳ್ಳು ಮೂರೂವರೆ ದಾಟಿ ಸ್ವಲ್ಪ ಏರಿ ನಿಂತುಬಿಡುತ್ತಿತ್ತು.

ಅವರನ್ನೇ ಕೇಳೋಣವೆಂದು ಹೋದೆ. "ಸಾರ್, ಮುಳ್ಳು" ಎಂದೆ.

"ಏನಮ್ಮ ಸಪ್ಪೆ? ಜೋರಾಗಿ ಹೇಳು. ಮಿಲ್ ಶಬ್ದದಲ್ಲಿ ಏನೂ ಕೇಳ್ಸಲ್ಲ."

ಶೆಡ್ಡಿನ ಎಂಟು ಜನರೂ ನಕ್ಕರು. ಅಪ್ಪ ಅಮ್ಮ ಊರ ದೇವತೆಯ ಹೆಸರಿಟ್ಟು ಸಪ್ಪಲಮ್ಮ ಎಂದು ಕರೆದರೆ ಇವರಿಗೆ ಸಪ್ಪೆ. ಪಕ್ಕದ ರಾಗಿ ಮಿಲ್ಲಿಗೆ ನಿನ್ನೆ ಹೊಸ ದೊಡ್ಡ ಮೋಟಾರು ಕೂರಿಸಿದ್ದಾರೆ, ಆ ಶಬ್ದ ನಾನು ಮಾಡಿದ್ದೇ? "ಏನಿಲ್ಲ ಸಾರ್" ಎಂದು ಬಂದೆ.

ಅಕ್ಕನಿಗೆ, "ಎರಡು ಬೆರಳು ಕಮ್ಮಿ ಕತ್ರಿಸಿ ನೋಡಾಣ" ಎಂದೆ.

"ತಂತಿ ಗಿಡ್ಡ ಆದ್ರೆ ಕೆಂಪು ಜಾಸ್ತಿ ಆಗುತ್ತೆ, ಅದು ಸುತ್ತೋ ಕೈಗೆ ಗೊತ್ತು. ಆದ್ರೆ ಹಲಗೆ ಅಳತೆ ಸಾರ್ ಇಟ್ಟಿರೋದಲ್ವೇನೇ. ಕೇಳ್ದ್ಯಾ?"

"ಕೇಳ್ದೆ" ಎಂದೆ. ಪೂರ್ತಿ ಸುಳ್ಳೇನಲ್ಲ. ಹೋಗಿ ನಿಂತಿದ್ದೆನಲ್ಲ.

ಫೆಬ್ರವರಿ 24, ಗುರುವಾರ

ಎರಡು ಬೆರಳು ಸಾಲಲಿಲ್ಲ. ಇನ್ನೆರಡು ಬೆರಳು ತೆಗೆಸಿದೆ. ಮುಳ್ಳು ಗೀಟಿನ ಮೇಲೆ ಬಂದು ಕೂತಿತು. ಅಕ್ಕ ಹಲಗೆಯ ಮೇಲೆ ಇದ್ದಿಲಿನಿಂದ ಹೊಸ ಗುರುತು ಹಾಕಿಕೊಂಡರು.

ಎಲ್ಲವೂ ಪಾಸು. ಯುಗಾದಿಗೆ ಮುಂಚೆ ಕಳಿಸಬೇಕಾದ ಸ್ಟವ್ವುಗಳು ಸಾಲಾಗಿ ಹೊರಟವು. ಚಿನ್ನಪ್ಪನವರು ಒಂದು ಒಳ್ಳೆಯ ಮಾತೂ ಆಡಲಿಲ್ಲ. ಫೇಲಾದಾಗ ಮಾತ್ರ ನಾವು ಅವರ ಕಣ್ಣಿಗೆ ಬೀಳುತ್ತೇವೆ.

ಮಾರ್ಚ್ 8, ಮಂಗಳವಾರ

ಸ್ಟವ್ವುಗಳು ವಾಪಸು ಬರುತ್ತಿವೆ. ಜಯನಗರದ ಅಂಗಡಿಯಿಂದ ಏಳು, ಬನಶಂಕರಿಯಿಂದ ನಾಲ್ಕು. ಕಾಯಿಲ್ ತುಂಡಾಗಿದೆ, ಕೆಲವುಗಳ ಪ್ಲಗ್ಗೇ ಕರಗಿದೆ. ಒಂಬತ್ತನೇ ಬ್ಲಾಕಿನ ಗೌರಮ್ಮ ಎಂಬ ಮುದುಕಿಯ ಮನೆಯಲ್ಲಿ ತಂತಿ ಸಿಡಿದು ಅವರ ಸೀರೆಯ ಸೆರಗು ಸುಟ್ಟಿತಂತೆ. ಮಗ ಶೆಡ್ಡಿನವರೆಗೂ ಬಂದು ಕೂಗಾಡಿದ. "ನಮ್ಮಮ್ಮನ ಕೈ ನೋಡ್ಬೇಕಿತ್ತು ನೀವು!"

ಬೆರಳು ತೋರಿಸಿ ಬೈಯುವುದು ಸುಲಭ. ಹಾಲು ಉಕ್ಕಿಸಿದರೆ, ಒದ್ದೆ ಪಾತ್ರೆ ಇಟ್ಟರೆ ಯಾವ ಕಾಯಿಲ್ ಉಳಿಯುತ್ತದೆ? ಪ್ರತಿಯೊಂದನ್ನೂ ನಾನೇ ನೋಡಿ ಪಾಸು ಮಾಡಿದ್ದೇನೆ. ಗೀಟು ಮುಟ್ಟಿದೆ.

ಮಾರ್ಚ್ 14, ಸೋಮವಾರ, ಅಮಾವಾಸ್ಯೆ

ಇವತ್ತು ಮುಳ್ಳಿಗೇ ಹುಚ್ಚು ಹಿಡಿದಂತಿತ್ತು. ಅದೇ ಗುರುತಿಗೆ ಕತ್ತರಿಸಿದ ಕಾಯಿಲುಗಳು, ಆದರೆ ಮುಳ್ಳು ಗೀಟು ದಾಟಿ ಐದನ್ನೂ ಮೀರಿ ಹೋಯಿತು. ತಂತಿ ಕೆಂಪಲ್ಲ, ಕಿತ್ತಳೆ ಬಣ್ಣ. ಅಕ್ಕನ ಮೇಲೆ ರೇಗಿದೆ. ಅವರು ಹಲಗೆಗೆ ಹಿಡಿದು ತೋರಿಸಿದರು. ಗುರುತಿಗೆ ಸರಿಯಾಗಿಯೇ ಇತ್ತು. ಎಲ್ಲವನ್ನೂ ಬುಟ್ಟಿಯಲ್ಲಿ ಬೇರೆ ಇಟ್ಟೆ.

ಅಮಾವಾಸ್ಯೆಯಾದ್ದರಿಂದ ಮಿಲ್ಲಿಗೆ ರಜ, ಬೆಲ್ಟಿಗೆ ಪೂಜೆ ಮಾಡಿ ಬಾಗಿಲು ಹಾಕಿದ್ದರು. ಶೆಡ್ಡಿನಲ್ಲಿ ಎಷ್ಟು ಸದ್ದಿಲ್ಲವೆಂದರೆ ನನ್ನ ಬಳೆಯ ಸದ್ದಿಗೇ ನಾಚಿಕೆಯಾಗುತ್ತಿತ್ತು. ಟ್ಯೂಬ್‌ಲೈಟು ಒಂದೇ ಸಲಕ್ಕೆ ಹತ್ತಿಕೊಂಡಿತು. ಅದೊಂದು ಹಿತವಾಗಿತ್ತು.

ಮಾರ್ಚ್ 15, ಮಂಗಳವಾರ

ನಿನ್ನೆ ಬೇರೆ ಇಟ್ಟ ಕಾಯಿಲುಗಳನ್ನೇ ಇವತ್ತು ಹಾಕಿದೆ. ಸರಿಯಾಗಿ ಗೀಟಿನ ಮೇಲೆ. ಒಂದು ರಾತ್ರಿ ಬುಟ್ಟಿಯಲ್ಲಿದ್ದು ಬುದ್ಧಿ ಕಲಿತವೇ? ಯಾರನ್ನು ಕೇಳಲಿ.

ಮಾರ್ಚ್ 16, ಬುಧವಾರ

ಇವತ್ತಿನದನ್ನು ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಇನ್ನೂ ಒಂಬತ್ತು ಸ್ಟವ್ವು ವಾಪಸು ಬಂದವು. ಚಿನ್ನಪ್ಪನವರು ನೇರವಾಗಿ ಅಕ್ಕನ ಹತ್ತಿರ ಹೋಗಿ ಬುಟ್ಟಿಯಿಂದ ಒಂದು ಕಾಯಿಲ್ ಎತ್ತಿ ಹಲಗೆಗೆ ಹಿಡಿದರು.

"ಹದಿನೈದು ಇಂಚು ಎಲ್ಲಿ? ನಾಲ್ಕು ಬೆರಳು ಎಲ್ಲಿ ಹೋಯ್ತು?"

ಅಕ್ಕ ಎದ್ದು ನಿಂತರು.

"ದಿನಕ್ಕೆ ಎಷ್ಟು ಕಾಯಿಲು, ಒಂದೊಂದ್ರಲ್ಲಿ ನಾಲ್ಕು ಬೆರಳು. ಯಾರಿಗೆ ಮಾರ್ತಿದ್ದೀಯ ತಂತಿ? ನಿನ್ ಮನೆ ಹಿಂದೆ ಗುಜರಿ ಅಂಗ್ಡಿ ಇದೆಯಲ್ಲ, ಅವ್ನಿಗಾ? ಕಳ್ಳಿ!"

ಎಲ್ಲರ ಮುಂದೆ. ಮೂವತ್ತು ದಾಟುವ ಮೊದಲೇ ಗಂಡ ಸತ್ತು, ಎರಡು ಹೆಣ್ಣುಮಕ್ಕಳನ್ನು ಈ ಕೈಯಿಂದಲೇ ಸಾಕಿದ ಹೆಂಗಸನ್ನು ಎಂಟು ಜನರ ಮುಂದೆ ಕಳ್ಳಿ ಎಂದರು. ಡಿಪ್ಲೊಮಾ ಓದಿದವರಿಗೆ ಇಷ್ಟೂ ಹೊಳೆಯಲಿಲ್ಲವೇ? ಕಾಯಿಲಿಗೆ ಹೋಗದ ತಂತಿ ಉರುಳೆಯಲ್ಲೇ ಇದೆ! ಅದಕ್ಕೇ ಈ ತಿಂಗಳ ಉರುಳೆ ಇನ್ನೂ ಮುಗಿದಿಲ್ಲ. ತಿರುಗಿ ನೋಡಿದ್ದರೆ ಕಾಣುತ್ತಿತ್ತು, ಅವರ ಬೆನ್ನ ಹಿಂದೆಯೇ ಇತ್ತು.

"ಯಾರು ಹೇಳಿದ್ರು ನಿಂಗೆ ಗಿಡ್ಡ ಮಾಡೋಕೆ?" ಎಂದರು.

ಅಕ್ಕ ನನ್ನ ಕಡೆ ನೋಡಿದರು. ನಾನು ಕ್ಲಿಪ್ಪನ್ನು ಹಿಡಿದುಕೊಂಡಿದ್ದೆ. ಹೇಳಬೇಕೆಂದಿದ್ದೆ, ನಿಜವಾಗಿಯೂ. ಕ್ಲಿಪ್ಪನ್ನು ತೆರೆದೆ, ಮುಚ್ಚಿದೆ. ಅಕ್ಕ ಕಣ್ಣು ತೆಗೆದು, "ಯಾರೂ ಹೇಳ್ಲಿಲ್ಲ ಸಾರ್. ನಾನೇ ಮಾಡ್ದೆ" ಎಂದರು. ಸೆರಗಿನಿಂದ ಕೈ ಒರೆಸಿಕೊಂಡು ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದರು.

ಯಾಕೆ ಹಾಗೆ ಹೇಳಿದರು? ಬಾಯಿಲ್ಲವೇ ಅವರಿಗೆ? ನನ್ನನ್ನು ಬೈಯುವಾಗ ಇರುವ ಬಾಯಿ ಎಲ್ಲಿ ಹೋಯಿತು? ಅನ್ಯಾಯಕ್ಕೆ ಎದುರಾಡದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಾರ್ಚ್ 17, ಗುರುವಾರ

ಅಕ್ಕನ ಜಾಗದಲ್ಲಿ ಯಾರೂ ಇಲ್ಲ. ಸುತ್ತುವ ಕಡ್ಡಿ ಬರಿದಾಗಿದೆ. ಊಟ ಸೇರಲಿಲ್ಲ.

ಮಾರ್ಚ್ 20, ಭಾನುವಾರ

ನಮ್ಮ ಕೋಣನಕುಂಟೆಯಿಂದ ಸಾರಕ್ಕಿಯ ಅಕ್ಕನ ಮನೆಗೆ ನಡೆದುಕೊಂಡೇ ಹೋದೆ, ದಾರಿಯುದ್ದಕ್ಕೂ ಏನು ಹೇಳಬೇಕೆಂದು ಪಾಠ ಮಾಡಿಕೊಂಡು. ಅಕ್ಕ ಬಾಗಿಲಲ್ಲಿ ಅವರೆಕಾಳು ಬಿಡಿಸುತ್ತಿದ್ದರು.

"ಬಾರೆ. ಕಾಫಿ ಕುಡೀತೀಯಾ?"

"ಅಕ್ಕ, ನೀವು ಯಾಕೆ ನನ್ನ ಹೆಸರು ಹೇಳ್ಲಿಲ್ಲ?"

"ಹೇಳಿದ್ರೆ? ನೀನು ಅಲ್ಲೇ ಬಿದ್ದು ಹೋಗ್ತಿದ್ದೆ. ನಿನ್ ಮುಖ ನೋಡ್ದೆ ಕಣೆ, ಸುಣ್ಣ ಬಳಿದಂಗಾಗಿತ್ತು." ಕಾಳಿನ ಮೊರ ನನ್ನ ಕಡೆ ಸರಿಸಿ ಕೇಳಿದರು: "ಚಿನ್ನಪ್ಪನ್ನ ಕೇಳೇ ಇರ್ಲಿಲ್ಲ ಅಲ್ವಾ ನೀನು?"

ನಾನು ಕಾಳು ಬಿಡಿಸುತ್ತ ಕೂತೆ.

ಮನೆಗೆ ಬಂದಾಗ ಪಕ್ಕದ ಮನೆಯ ವಿಮಲಾ ಜಗಲಿಯ ಮೇಲೆ ಗಟ್ಟಿಯಾಗಿ ಓದುತ್ತಿದ್ದಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿದೆ. "ರೋಧ ಸಮ, ವಿಭವಾಂತರ ಭಾಗಿಸು ವಿದ್ಯುತ್ ಪ್ರವಾಹ. ವಿಭವಾಂತರದ ಮಾನ ವೋಲ್ಟ್. ಪ್ರವಾಹದ ಮಾನ ಆಂಪಿಯರ್." ಆಂಪಿಯರ್ ಎಂಬುದು ಕಿವಿಗೆ ಬಿದ್ದು ನಿಂತೆ.

"ಅದ್ರಲ್ಲಿ ನಮ್ಮ ಮೀಟರ್ ಬಗ್ಗೆ ಬರ್ದಿದ್ಯೇನೆ?"

"ನಿಮ್ಮದೇನು ಬೇರೆ ಕರೆಂಟಾ ಸಪ್ಪಲಕ್ಕ?" ನಕ್ಕಳು. "ತಂತಿ ಎಷ್ಟು ತಡೆಯುತ್ತೆ ಅನ್ನೋದು ರೋಧ. ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ರೋಧ ಸಿಗುತ್ತೆ. ಎರಡನ್ನೂ ಗುಣಿಸಿದ್ರೆ ವ್ಯಾಟು. ನಿಮ್ಮ ಕಾಯಿಲ್ದು ಹೇಳಿ, ಮಾಡಾಣ. ಆಂಪಿಯರ್ ಎಷ್ಟು?"

"ನಾಲ್ಕು ಪಾಯಿಂಟ್ ನಾಲ್ಕು."

"ವೋಲ್ಟು?"

"ಅದು ಗೊತ್ತಿಲ್ಲ. ಆ ಮೀಟರ್ ದೀಪಾವಳಿಲೇ ರಿಪೇರಿಗೆ ಹೋಯ್ತು. ಬೋರ್ಡಿನ ತೂತಿಗೆ ಬಟ್ಟೆ ತುರುಕಿದ್ದಾರೆ."

ಹುಡುಗಿ ಪುಸ್ತಕ ಮುಚ್ಚಿದಳು. "ಮತ್ತೆ ಒಂದನ್ನೇ ನೋಡ್ಕೊಂಡು ಹೆಂಗೆ ಪಾಸ್ ಮಾಡ್ತೀರ? ವೋಲ್ಟು ಕಮ್ಮಿ ಇದ್ರೆ ಆಂಪಿಯರೂ ಕಮ್ಮಿ ತೋರ್ಸುತ್ತೆ, ಕಾಯಿಲ್ ಸರಿ ಇದ್ರೂನೂ."

ನನಗೆ ಅಮಾವಾಸ್ಯೆಯ ದಿನ ನೆನಪಾಯಿತು. ಬೀದಿ ನಲ್ಲಿಯಲ್ಲಿ ಕೆಳಗಿನ ಮನೆಯವರು ಪೈಪು ಹಾಕಿ ಎಳೆದರೆ ನಮ್ಮ ಬಿಂದಿಗೆಗೆ ನೂಲಿನಂತೆ ಬೀಳುತ್ತದೆ. ಅವರು ನಿಲ್ಲಿಸಿದ ಕೂಡಲೇ ರಪ್ಪನೆ ಬರುತ್ತದೆ. ಮಿಲ್ಲಿನ ಹೊಸ ಮೋಟಾರು ಎಳೆಯುತ್ತಿದ್ದಾಗ ನಮ್ಮ ಮುಳ್ಳು ಕೆಳಗೆ. ಮಿಲ್ಲಿಗೆ ರಜವಾದರೆ ಮೇಲೆ. ಕಾಯಿಲ್ ಬದಲಾಗಿರಲೇ ಇಲ್ಲ. ಮೊದಲು ಫೇಲು ಮಾಡಿದ ಹದಿನೈದು ಇಂಚಿನವೇ ಸರಿಯಾಗಿದ್ದವು.

ಹಾಗಾದರೆ ಒಂಬತ್ತನೇ ಬ್ಲಾಕಿನ ಗೌರಮ್ಮನವರು ಹಾಲು ಉಕ್ಕಿಸಿರಲಿಲ್ಲ. ಅವರ ಮನೆಯಲ್ಲಿ ವೋಲ್ಟು ಪೂರ್ತಿ ಇತ್ತು. ಅವರ ಕೈ ಸುಟ್ಟದ್ದು ನನ್ನ ನಾಲ್ಕು ಬೆರಳು.

ಪಾಯಿಂಟ್ ಇರುವ ಭಾಗಾಕಾರ ನನಗೆ ಬರುವುದಿಲ್ಲ, ನಾಲ್ಕನೇ ಕ್ಲಾಸಿಗೆ ಬಿಡಿಸಿದರು. ವಿಮಲಾ ಹೇಳಿಕೊಟ್ಟಳು: ಎರಡನ್ನೂ ಹತ್ತರಿಂದ ಗುಣಿಸಿಬಿಟ್ಟರೆ ಪಾಯಿಂಟೇ ಇರುವುದಿಲ್ಲ. ಮನೆಗಳಿಗೆ ಬರಬೇಕಾದ್ದು ಇನ್ನೂರ ಮೂವತ್ತು ವೋಲ್ಟು, ನಮ್ಮ ಗೀಟು ನಾಲ್ಕು ಪಾಯಿಂಟ್ ನಾಲ್ಕು ಆಂಪಿಯರ್. ಅಂದರೆ ಎರಡು ಸಾವಿರದ ಮುನ್ನೂರನ್ನು ನಲವತ್ತನಾಲ್ಕರಿಂದ ಭಾಗಿಸುವುದು. ಐವತ್ತೆರಡು ಬಂತು, ಹನ್ನೆರಡು ಉಳಿಯಿತು. ಸರಿಯಾದ ಕಾಯಿಲಿಗೆ ಐವತ್ತೆರಡು ಓಮ್ ರೋಧ ಇರಬೇಕು. ನಮ್ಮದಕ್ಕೆ ಎಷ್ಟಿದೆ? ಆ ತೂತಿನಲ್ಲಿ ಮೀಟರ್ ಇದ್ದರೆ ಮಾತ್ರ ಗೊತ್ತಾಗುತ್ತದೆ.

ಮಾರ್ಚ್ 22, ಮಂಗಳವಾರ

ಕೇಳಿದೆ. "ಸಾರ್, ವೋಲ್ಟ್ ಮೀಟರ್ ಯಾವಾಗ ಬರುತ್ತೆ?"

"ಅದಾ? ಸಂಕ್ರಾಂತಿಗೇ ಬಂತು. ಅಲ್ಮೇರಾದಲ್ಲಿದೆ. ಸೈಜಿಗೆ ಎರಡು ಸ್ಕ್ರೂ ಸಿಕ್ಕಿಲ್ಲ, ಹಾಕಿಲ್ಲ. ನಿಂಗ್ಯಾಕೆ? ನಾಲ್ಕನೇ ಕ್ಲಾಸ್ ಇಂಜಿನಿಯರ್ರಾ?"

ಎರಡು ಸ್ಕ್ರೂ! ಎರಡು ತಿಂಗಳಿಂದ ಪೇಪರಿನಲ್ಲಿ ಸುತ್ತಿಕೊಂಡು ಅದು ಅಲ್ಮೇರಾದಲ್ಲಿ ಮಲಗಿದೆ. ಎರಡು ಸ್ಕ್ರೂ ಇಲ್ಲದ್ದಕ್ಕೆ ಒಬ್ಬ ಮುದುಕಿ ಕೈ ಸುಟ್ಟುಕೊಂಡರು, ಒಬ್ಬ ಹೆಂಗಸು ಕಳ್ಳಿಯಾದರು. ಇದನ್ನೆಲ್ಲ ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. "ಸುಮ್ನೆ ಕೇಳ್ದೆ ಸಾರ್" ಎಂದೆ. ಆದರೆ ಜಾಗ ಬಿಟ್ಟು ಕದಲುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅವರೇ ಮುಖ ತಿರುಗಿಸಿಕೊಂಡರು.

ಶನಿವಾರ ಶೆಡ್ಡಿನ ಯಜಮಾನರು ಬರುತ್ತಾರೆ.

ಮಾರ್ಚ್ 26, ಶನಿವಾರ

ಬರೆಯುವುದು ಬಹಳ ಇದೆ.

ಯಜಮಾನರು ಬೈರಣ್ಣನವರು ಹನ್ನೊಂದಕ್ಕೆ ಬಂದರು. ಇದೇ ಸಾರಕ್ಕಿಯಲ್ಲಿ ರಾಗಿ ಬೆಳೆಯುತ್ತಿದ್ದವರು. ಹೊಲ ಲೇಔಟಿಗೆ ಹೋದ ಮೇಲೆ ಉಳಿದ ಮೂಲೆಯಲ್ಲಿ ಈ ಶೆಡ್ಡು ಹಾಕಿದರು. ಇವತ್ತಿಗೂ ಸ್ಟವ್ವನ್ನು ದನ ನೋಡಿದಂತೆ ಸುತ್ತ ತಿರುಗಿ ನೋಡುತ್ತಾರೆ. ವಾಪಸು ಬಂದ ಸ್ಟವ್ವುಗಳ ರಾಶಿಯ ಮುಂದೆ ನಿಂತು, "ಕಳ್ಳಿನ ಓಡಿಸ್ದೆ ಅಂದ್ಯಲ್ಲೋ ಚಿನ್ನಪ್ಪ. ಮತ್ತೆ ಇವು ಇನ್ನೂ ಬರ್ತಾನೇ ಅವೆ?" ಎಂದರು.

"ಹಳೇ ಸ್ಟಾಕು ಸಾರ್."

ನಾನು ಎದ್ದಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. "ಯಜಮಾನ್ರೇ, ಅಕ್ಕ ಕದ್ದಿಲ್ಲ. ಅಲ್ಮೇರಾದಲ್ಲಿರೋ ವೋಲ್ಟ್ ಮೀಟರ್ ತೆಗೆಸಿ. ನಾನು ತೋರಿಸ್ತೀನಿ."

ಚಿನ್ನಪ್ಪನವರು ನಕ್ಕರು. ಯಜಮಾನರು ನಗಲಿಲ್ಲ. "ತೆಗಿ" ಎಂದರು.

ಸ್ಕ್ರೂ ಇಲ್ಲದೆಯೇ, ಎರಡು ವೈರು ಸಿಕ್ಕಿಸಿ ಮೀಟರನ್ನು ಟೇಬಲ್ಲಿನ ಮೇಲೆ ನಿಲ್ಲಿಸಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಅಕ್ಕ ಹೋಗುವ ಮುಂಚೆ ಸುತ್ತಿಟ್ಟ ಒಂದು ಗಿಡ್ಡ ಕಾಯಿಲನ್ನು ಸಿಕ್ಕಿಸಿ ಸ್ವಿಚ್ ಹಾಕಿದೆ. ಆಂಪಿಯರ್ ಗೀಟಿನ ಮೇಲೆ, ನಾಲ್ಕು ಪಾಯಿಂಟ್ ನಾಲ್ಕು. ವೋಲ್ಟು ನೂರ ತೊಂಬತ್ತು. ಸೀಮೆಸುಣ್ಣದಿಂದ ನೆಲದ ಮೇಲೆ ಬರೆದೆ. ಸಾವಿರದ ಒಂಬೈನೂರನ್ನು ನಲವತ್ತನಾಲ್ಕರಿಂದ ಭಾಗಿಸಿದರೆ ನಲವತ್ತಮೂರು, ಉಳಿದದ್ದು ಎಂಟು. ಗುಣಿಸಿದರೆ ಎಂಟುನೂರ ಮೂವತ್ತಾರು ವ್ಯಾಟು.

"ಸ್ವಿಚ್ ಆರಿಸ್ಬೇಡಿ. ಈಗ ಬರ್ತೀನಿ" ಎಂದು ಮಿಲ್ಲಿಗೆ ಓಡಿದೆ.

ಮಿಲ್ಲಿನ ಪಿಳ್ಳಣ್ಣ ತಲೆಯಿಂದ ಕಾಲಿನವರೆಗೆ ಹಿಟ್ಟು ಬಡಿದುಕೊಂಡು ನಿಂತಿದ್ದರು. ಹೆಂಗಸರು ರಾಗಿ ಡಬ್ಬಿ ಹಿಡಿದು ಸಾಲಾಗಿ ಕೂತಿದ್ದರು. ಮೂರು ವರ್ಷ ಪಕ್ಕದಲ್ಲೇ ಕೆಲಸ ಮಾಡಿದರೂ ಅವರ ಜೊತೆ ಒಂದು ಮಾತಾಡಿರಲಿಲ್ಲ. "ಅಣ್ಣ, ಎರಡು ನಿಮಿಷ ಮಿಲ್ ನಿಲ್ಸಿ" ಎಂದೆ. ಅವರು ಕಿವಿಗೆ ಕೈ ಹಿಡಿದರು. ಕೂಗಿದೆ. ಮತ್ತೆ ಕೂಗಿದೆ.

"ನಿಲ್ಸೋದಾ? ಯಾಕಮ್ಮಾ, ಯಾರಾದ್ರೂ ಹೋಗ್ಬಿಟ್ರಾ?"

"ನಮ್ ರಾಗಿ ಅರ್ಧ ಕಲ್ಲೊಳಗಿದೆ ಕಣೆ, ನಿಂತ್ಕೊಂಡೇ ಮುದ್ದೆ ಆಗುತ್ತೆ!" ಎಂದು ಒಬ್ಬ ಹೆಂಗಸು ಬೈದಳು.

"ಯಾರೂ ಹೋಗಿಲ್ಲ ಅಣ್ಣ. ಹೋಗಿರೋ ಒಬ್ರನ್ನ ವಾಪಸ್ ಕರ್ಕೊಂಡು ಬರ್ಬೇಕು. ಎರಡೇ ನಿಮಿಷ."

ಪಿಳ್ಳಣ್ಣ ನನ್ನ ಮುಖ ನೋಡಿ, ಏನು ಕಂಡರೋ, ಕಲ್ಲೊಳಗಿನ ರಾಗಿ ಮುಗಿಯುವವರೆಗೆ ಕಾದು ಸ್ಟಾರ್ಟರಿನ ಹಿಡಿ ಕೆಳಗೆ ಎಳೆದರು. ಬೆಲ್ಟು ಪಟಪಟ ಎಂದು ನಿಂತಿತು.

ನಾನು ವಾಪಸು ಬರುವಷ್ಟರಲ್ಲಿ ಎಲ್ಲರೂ ಟೇಬಲ್ಲಿನ ಸುತ್ತ ಇದ್ದರು. ಕಾಯಿಲು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆಂಪಿಯರ್ ಐದು ಪಾಯಿಂಟ್ ಮೂರು. ವೋಲ್ಟು ಇನ್ನೂರ ಇಪ್ಪತ್ತೆಂಟು. ಎರಡು ಸಾವಿರದ ಇನ್ನೂರ ಎಂಬತ್ತನ್ನು ಐವತ್ತಮೂರರಿಂದ ಭಾಗಿಸಿದೆ. ಮತ್ತೆ ನಲವತ್ತಮೂರು, ಉಳಿದದ್ದು ಒಂದೇ ಒಂದು. ಗುಣಿಸಿದರೆ ಸಾವಿರದ ಇನ್ನೂರ ಎಂಟು ವ್ಯಾಟು.

"ಕಾಯಿಲು ಅದೇ, ನಲವತ್ತಮೂರು. ಐವತ್ತೆರಡು ಇರ್ಬೇಕಿತ್ತು" ಎಂದೆ. "ಇಲ್ಲಿ ಮಿಲ್ಲು ಓಡ್ತಿರ್ವಾಗ ಎಂಟುನೂರು ಚಿಲ್ಲರೆ. ಗಿರಾಕಿ ಮನೇಲಿ ಸಾವಿರದ ಇನ್ನೂರು. ಅದಕ್ಕೇ ಸುಡ್ತಿದೆ. ಗೀಟೊಂದನ್ನೇ ನೋಡಿದ್ದು ತಪ್ಪು."

"ಅದೆಲ್ಲ ನಂಗೂ ಗೊತ್ತು ಸಾರ್. ಡಿಪ್ಲೊಮಾ ಫಸ್ಟ್ ಇಯರಲ್ಲೇ ಬರುತ್ತೆ" ಎಂದರು ಚಿನ್ನಪ್ಪನವರು.

"ಗೊತ್ತಿದ್ಮೇಲೆ ತೂತಿಗೆ ಬಟ್ಟೆ ಯಾಕ್ಲಾ ತುರುಕ್ದೆ?" ಎಂದರು ಬೈರಣ್ಣನವರು. ಆಮೇಲೆ ನನ್ನ ಕಡೆ ತಿರುಗಿದರು. "ಸರಿ. ಗಿಡ್ಡ ಮಾಡು ಅಂತ ಸಿದ್ದಗಂಗಮ್ಮಂಗೆ ಯಾರು ಹೇಳಿದ್ದು?"

ಮಿಲ್ಲು ಇನ್ನೂ ನಿಂತೇ ಇತ್ತು. ಅಷ್ಟು ಸದ್ದಿಲ್ಲದಲ್ಲಿ ಮೆಲ್ಲಗೆ ಹೇಳಿದರೂ ಕೇಳಿಸುತ್ತಿತ್ತು.

"ನಾನು. ಸಾರ್‌ನ ಕೇಳ್ದೆ ಅಂತ ಸುಳ್ಳು ಹೇಳಿ ಮಾಡ್ಸಿದ್ದು ನಾನು. ಉಳಿದ ತಂತಿ ಉರುಳೇಲೇ ಇದೆ."

ಅವರು ಉರುಳೆಯ ಹತ್ತಿರ ಹೋಗಿ ಕೈಯಿಟ್ಟು ತೂಗಿ ನೋಡಿದರು. ಉರುಳೆಯನ್ನು ಒಮ್ಮೆ ತಿರುಗಿಸಿದರು. ಕೊನೆಗೆ, "ಸೋಮವಾರದಿಂದ ಈ ಟೇಬಲ್ ನಿಂಗೆ ಬ್ಯಾಡ. ಸುತ್ತೋಕೆ ಕೂತ್ಕೋ. ಆಯಮ್ಮನ್ನ ಕರ್ಕೊಂಡು ಬಾ" ಎಂದರು. ಚಿನ್ನಪ್ಪನವರಿಗೆ ಮೀಟರ್ ಹಾಕಲು ಹೇಳಿ ಹೊರಟರು. ಅಷ್ಟೇ! ನನಗೆ ಟೇಬಲ್ ಹೋಯಿತು, ಅವರಿಗೆ ಎರಡು ಸ್ಕ್ರೂ. ಇದು ಯಾವ ನ್ಯಾಯ?

ಮಾರ್ಚ್ 27, ಭಾನುವಾರ

ಕರೆಯಲು ಹೋಗಿದ್ದೆ, ಅಕ್ಕ ಬರುವುದಿಲ್ಲವಂತೆ. "ಕಳ್ಳಿ ಅಂದಿದ್ದು ಎಂಟು ಜನರ ಮುಂದೆ. ಅಲ್ಲ ಅನ್ನೋದೂ ಅದೇ ಎಂಟು ಜನರ ಮುಂದೆ ಆಗ್ಲಿ, ಅದೇ ಬಾಯಿಂದ. ಅದಾದ್ರೆ ಬರ್ತೀನಿ."

ಅವರು ಹೇಳುವುದು ಸರಿಯಾಗಿದೆ. ಬರುವಾಗ ದಾರಿಯಲ್ಲೇ ಯಜಮಾನರ ಮನೆಗೆ ಹೋಗಿ ಹೇಳಿ ಬಂದೆ. ಬಾಗಿಲಲ್ಲಿ ನಾಯಿ ಇತ್ತು, ಕಪ್ಪಗೆ, ಕರುವಿನಷ್ಟು.

ಮಾರ್ಚ್ 28, ಸೋಮವಾರ

ಸುತ್ತುವ ಕೆಲಸಕ್ಕೆ ಬೆನ್ನು ನೋಯುತ್ತದೆ. ತಂತಿ ಬೆರಳು ಕೊಯ್ಯುತ್ತದೆ. ಅಕ್ಕ ಇಷ್ಟು ವರ್ಷ ಹೇಗೆ ಮಾಡಿದರೋ. ಹಲಗೆಯ ಇದ್ದಿಲ ಗುರುತನ್ನು ಒದ್ದೆ ಬಟ್ಟೆಯಿಂದ ನಾನೇ ಒರೆಸಿದೆ.

ಬೆಳಿಗ್ಗೆ ಅಕ್ಕ ಬಂದು ಬಾಗಿಲ ಹತ್ತಿರ ನಿಂತಿದ್ದರು, ಒಳಗೆ ಕಾಲಿಟ್ಟಿರಲಿಲ್ಲ, ಡಬ್ಬಿ ಕಂಕುಳಲ್ಲಿ. ಯಜಮಾನರೂ ಬಂದಿದ್ದರು. ಚಿನ್ನಪ್ಪನವರು ಮೀಟರಿನ ಗಾಜು ಒರೆಸುತ್ತ, ಅದರ ಕಡೆಗೇ ಮುಖ ಮಾಡಿಕೊಂಡು ಏನೋ ಹೇಳಿದರು. ತುಟಿ ಮಾತ್ರ ಅಲ್ಲಾಡಿತು. ಅಕ್ಕ ನಿಂತಲ್ಲೇ ನಿಂತಿದ್ದರು. ಎಂಟು ಜನರೂ ಕೆಲಸ ಬಿಟ್ಟು ನೋಡುತ್ತಿದ್ದರು.

"ಜೋರಾಗಿ ಹೇಳಿ ಸಾರ್" ಎಂದೆ. "ಮಿಲ್ ಶಬ್ದದಲ್ಲಿ ಏನೂ ಕೇಳ್ಸಲ್ಲ."

ಯಾರೂ ನಗಲಿಲ್ಲ. ಅವರು ಬಟ್ಟೆ ಕೆಳಗಿಟ್ಟು ಈ ಕಡೆ ತಿರುಗಿದರು. "ಸಿದ್ದಗಂಗಮ್ಮ ಕದ್ದಿಲ್ಲ. ನಾನು ಅಂದಿದ್ದು ತಪ್ಪು" ಎಂದರು, ಈ ಸಲ ಮಿಲ್ಲಿನವರೆಗೂ ಕೇಳಿಸುವಂತೆ. ಅಕ್ಕ ಒಳಗೆ ಬಂದು ಡಬ್ಬಿಯನ್ನು ಮೊಳೆಗೆ ನೇತುಹಾಕಿ, ನನ್ನನ್ನು ಸ್ವಲ್ಪ ಸರಿಸಿ ಪಕ್ಕದಲ್ಲಿ ಕೂತರು.

ನಾನು ಅಣಕಿಸಿದೆ ಎಂದು ಮಧ್ಯಾಹ್ನವೆಲ್ಲ ಹೆಂಗಸರು ಪಿಸುಗುಟ್ಟುತ್ತಿದ್ದರು. ಅಣಕಿಸಲಿಲ್ಲ. ಮಿಲ್ಲು ಓಡುತ್ತಿತ್ತು, ನನಗೆ ನಿಜವಾಗಿಯೂ ಕೇಳಿಸಿರಲಿಲ್ಲ.